ಕಾವಲಿನ ಸೀಮೆಯಲ್ಲಿ ಓಟದ ಲೆಕ್ಕ

ಕಡೂರಿನ ಹೆದ್ದಾರಿಯ ಗದ್ದಲವನ್ನು ಹಿಂದೆ ಬಿಟ್ಟು ಎಮ್ಮೆದೊಡ್ಡಿಯ ದಾರಿ ಹಿಡಿದರೆ ಮೊದಲು ತೆಂಗಿನ ತೋಟ, ಆಮೇಲೆ ರಾಗಿಹೊಲ, ಆಮೇಲೆ ಕುರುಚಲು ಕಾಡು. ಪಡುವಣದಲ್ಲಿ ಬಾಬಾಬುಡನ್‌ಗಿರಿಯ ಸಾಲು, ಮಲೆನಾಡು ಇಲ್ಲಿಂದಾಚೆ ಎಂದು ಗೆರೆ ಎಳೆದಂತೆ ನಿಂತಿದೆ. ಮಳೆಯ ದೊಡ್ಡ ಪಾಲು ಆ ಬೆಟ್ಟಗಳಿಗೆ. ಈಚೆ ಬದಿಗೆ ಸಿಗುವುದು ಗಾಳಿ, ಮತ್ತು ಬೆಟ್ಟದಿಂದ ಹರಿದು ಬಂದಷ್ಟು ನೀರು. ಆ ನೀರಿಗೆ ಕಟ್ಟೆ ಹಾಕಿ ನಿಲ್ಲಿಸಿಕೊಂಡಿರುವುದು ಮದಗದಕೆರೆ.

ಊರಿನ ಹೆಸರೇ ಸಾವಧಾನದ ಹೆಸರು. ದೊಡ್ಡಿ ಎಂದರೆ ದನ ಕೂಡುವ ಜಾಗ. ಅದರಲ್ಲೂ ಎಮ್ಮೆಯ ದೊಡ್ಡಿ! ಯಾವ ಅವಸರಕ್ಕೂ ಜಗ್ಗದ ಪ್ರಾಣಿಯೆಂದರೆ ಎಮ್ಮೆಯೇ. ಆದರೆ ಈ ಹೆಸರನ್ನು ನಂಬಿ ಇಲ್ಲಿ ವೇಗದ ಹುಚ್ಚಿಲ್ಲ ಎಂದುಕೊಂಡವರು ಮೋಸ ಹೋಗುತ್ತಾರೆ. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಈ ಬಯಲು ಮುನ್ನೂರು ವರ್ಷಗಳಿಂದ ಓಟಕ್ಕೆಂದೇ ಪ್ರಾಣಿ ಸಾಕಿದ ಸೀಮೆಗೆ ಸೇರಿದ್ದು.

ಈ ದಾರಿಯಲ್ಲಿ ಒಂದು ಸ್ಪೋರ್ಟ್ಸ್ ಕಾರು ಬಂದಿತೆಂದು ಸುಮ್ಮನೆ ಊಹಿಸಿಕೊಳ್ಳಿ. ನೆಲಕ್ಕೆ ನಾಲ್ಕೈದು ಅಂಗುಲವಷ್ಟೇ ಬಿಟ್ಟು ತೆವಳುವಂತೆ ಕೂತ ಕಾರು. ಹಾಗೆ ತಗ್ಗಿ ಕೂತದ್ದರಿಂದಲೇ ಅದು ತಿರುವಿನಲ್ಲಿ ವಾಲದೆ ನೆಲ ಕಚ್ಚಿ ಓಡುತ್ತದೆ. ಹಾಗೆ ತಗ್ಗಿ ಕೂತದ್ದರಿಂದಲೇ ಊರ ಮುಂದಿನ ಮೊದಲ ಹಂಪಿನಲ್ಲಿ ಹೊಟ್ಟೆ ಉಜ್ಜಿಕೊಳ್ಳುತ್ತದೆ. ಗುಣ ಮತ್ತು ದೋಷ ಇಲ್ಲಿ ಬೇರೆ ಬೇರೆಯಲ್ಲ, ಒಂದೇ ವಸ್ತುವಿನ ಎರಡು ಮುಖ. ಓದುವ ಹುಡುಗರ ಮೊಬೈಲಿನಲ್ಲಿ ಕೆಂಪು ಫೆರಾರಿಯ ಚಿತ್ರ ನೋಡಿ ನಕ್ಕು ಸುಮ್ಮನಾಗುವ ಅಪ್ಪಂದಿರು, ಅದೇ ಹುಡುಗ ಹಳೆಯ ವೇಗದ ಕಾರೋ ಬೈಕೋ ಅಗ್ಗಕ್ಕೆ ಸಿಗುತ್ತದೆ ಎಂದಾಗ ಗಂಭೀರರಾಗುತ್ತಾರೆ. ಅವರಿಗೆ ಉತ್ತರ ಹುಡುಕಲು ಇಟಲಿಯವರೆಗೆ ಹೋಗಬೇಕಿಲ್ಲ. ಕಾವಲಿನ ದನಗಳ ಕಥೆಯೇ ಸಾಕು.

ಸೈನ್ಯದ ಎತ್ತುಗಳು

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672–1704) ಅರಮನೆಯ ದನಗಳಿಗೆ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಿತ್ತು. ಹೆಸರಿಗೆ ಬೆಣ್ಣೆ. ಆದರೆ ಹೈದರಾಲಿಯ ಕಣ್ಣು ಬಿದ್ದದ್ದು ಬೆಣ್ಣೆಯ ಮೇಲಲ್ಲ, ಎತ್ತುಗಳ ಕಾಲಿನ ಮೇಲೆ. ಟಿಪ್ಪು ಆ ಇಲಾಖೆಗೆ ‘ಅಮೃತಮಹಲ್’ ಎಂದು ಹೆಸರಿಟ್ಟ. ಮೂಲತಃ ಹಳ್ಳಿಕಾರ್ ತಳಿಯಿಂದ ಬಂದ ಈ ದನಗಳು ತೋಪುಗಳನ್ನೂ ಸಾಮಾನು ಸರಂಜಾಮನ್ನೂ ಎಳೆದುಕೊಂಡು ಕಾಲಾಳುಗಳಿಗಿಂತ ವೇಗವಾಗಿ ನಡೆಯುತ್ತಿದ್ದವು. ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ನಡೆದನೆಂದೂ, ಟಿಪ್ಪು ಎರಡು ದಿನದಲ್ಲಿ 63 ಮೈಲಿ ಕ್ರಮಿಸಿದನೆಂದೂ ಮೈಸೂರು ಗೆಜೆಟಿಯರ್ ಹೇಳುತ್ತದೆ. ದಿನಕ್ಕೆ 40 ಮೈಲಿ, ಅಂದರೆ 64 ಕಿಲೋಮೀಟರು, ತೋಪಿನ ಸಮೇತ! ಅಂದಿನ ದಾರಿಗಳನ್ನು ನೆನೆದರೆ ಇದು ಇಂದಿನ ಯಾವ ಕಾರಿನ ಸಾಧನೆಗೂ ಕಡಿಮೆಯಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಎತ್ತುಗಳ ರುಚಿ ಇಂಗ್ಲಿಷರಿಗೂ ಹತ್ತಿತು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ, ಸ್ಪೇನಿನ ಯುದ್ಧಭೂಮಿಯಲ್ಲಿ ಮೈಸೂರಿನ ಎತ್ತುಗಳಿಲ್ಲವಲ್ಲ ಎಂದು ಹಳಹಳಿಸುತ್ತಿದ್ದನಂತೆ. ಬೇರೆ ಕುದುರೆಗಳ ಮುಂದೆ ಅರಬ್ಬಿ ಕುದುರೆ ಹೇಗೋ ಬೇರೆ ಎತ್ತುಗಳ ಮುಂದೆ ಇವು ಹಾಗೆ ಎಂದು ಬರೆದ ಸಾಹೇಬರಿದ್ದರು.

ಇದೆಲ್ಲ ಓಟದ ಮಾತಾಯಿತು. ಇನ್ನು ಖರ್ಚಿನ ಮಾತು. ಅಮೃತಮಹಲ್ ಹಸು ಹಾಲು ಕೊಡುವುದು ಹೆಚ್ಚುಕಡಿಮೆ ಅದರ ಕರುವಿಗೆ ಸಾಲುವಷ್ಟೇ. ಹೋರಿ ಬಲಿಯುವುದು ನಿಧಾನ. ಕಾವಲಿನಲ್ಲಿ ಅರೆಕಾಡು ಪ್ರಾಣಿಯಂತೆ ಬೆಳೆದದ್ದರಿಂದ ಕೈಗೆ ಬೇಗ ಬಗ್ಗುವುದಿಲ್ಲ. ಪಳಗಿದ ಮೇಲೂ ಹೊಸಬರು ಹತ್ತಿರ ಬಂದರೆ ಕೋಡು ಬೀಸುತ್ತದೆ. ಇಂಥವನ್ನು ಸಾಕಲು ಮೈಸೂರು ಸಂಸ್ಥಾನ ಊರೂರಿಗೆ ಹುಲ್ಲುಗಾವಲು ಮೀಸಲಿಡಬೇಕಾಯಿತು. ಅವೂ ಮೂರು ಬಗೆ: ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು. ಕೆರೆಯ ನೀರು, ಮರದ ನೆರಳು ಇರುವ ಜಾಗ ಬೇಸಿಗೆಗೆ. ಋತು ಬದಲಾದಂತೆ ಹಿಂಡು ಒಂದರಿಂದ ಇನ್ನೊಂದಕ್ಕೆ ಹೋಗಬೇಕು. ಹಿಂದೆ ಮುಂದೆ ಸೇರ್ವೆಗಾರರು, ಕಾವಲುಗಾರರು, ಲೆಕ್ಕ ಬರೆಯುವವರು. ಈಗಿನ ಮಾತಿನಲ್ಲಿ ಹೇಳುವುದಾದರೆ ಕಾರು ಒಂದು, ಸರ್ವೀಸ್ ಸ್ಟೇಷನ್ ನೂರಾರು!

ಈ ಲೆಕ್ಕ ನೋಡಿ ಬೆಚ್ಚಿದವರು ಮದರಾಸಿನ ಸರ್ಕಾರದವರು. 1860ರಲ್ಲಿ, ಸರ್ ಚಾರ್ಲ್ಸ್ ಟ್ರೆವೆಲಿಯನ್ ಗವರ್ನರ್ ಆಗಿದ್ದಾಗ, ದುಂದುವೆಚ್ಚವೆಂದು ಇಲಾಖೆಯನ್ನೇ ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟರು. ಆರೇ ವರ್ಷ. ಸೈನ್ಯಕ್ಕೆ ಒಪ್ಪುವ ಎತ್ತು ಬೇರೆಲ್ಲೂ ಸಿಗದೆ 1866ರಲ್ಲಿ ಮತ್ತೆ ಶುರು ಮಾಡಬೇಕಾಯಿತು. ಇಟ್ಟುಕೊಂಡರೆ ಖರ್ಚು, ಬಿಟ್ಟರೆ ಕೊರಗು. ಹಳೆಯ ಬೈಕನ್ನು ಮಾರಿ ಆರು ತಿಂಗಳಿಗೆ ಮತ್ತೆ ಅಂಥದೇ ಹುಡುಕಿಕೊಂಡು ಹೊರಟ ಯಾರನ್ನು ಕೇಳಿದರೂ ಇದು ಅರ್ಥವಾದೀತು.

ಸುಳಿ ನೋಡಿ, ಹಲ್ಲು ನೋಡಿ

ಸೈನ್ಯದ ಕಾಲ ಹೋದರೂ ಓಟ ಹೋಗಲಿಲ್ಲ. ಬಯಲುಸೀಮೆಯ ಈ ಊರುಗಳಲ್ಲಿ ಸುಗ್ಗಿ ಮುಗಿದು ಹೊಲ ಖಾಲಿಯಾದರೆ ಜೋಡೆತ್ತಿನ ಗಾಡಿ ಸ್ಪರ್ಧೆಯ ಮಾತು ಎದ್ದೇ ಏಳುತ್ತದೆ. ಸುಪ್ರೀಂ ಕೋರ್ಟ್ 2014ರಲ್ಲಿ ಇಂಥ ಸ್ಪರ್ಧೆಗಳನ್ನು ತಡೆದಿತ್ತು. ಕರ್ನಾಟಕ 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ದಾರಿ ಮಾಡಿತು. ಆ ತಿದ್ದುಪಡಿಯನ್ನು 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಎತ್ತಿಹಿಡಿಯಿತು. ಪ್ರಾಣಿಗೆ ಹಿಂಸೆಯಾಗದಂತೆ ಓಡಿಸಬೇಕೆಂಬುದು ಷರತ್ತು. ಅದು ಎಲ್ಲ ಕಡೆ ಪಾಲನೆಯಾದರೆ ಓಟ ನೋಡುವವರ ಮನಸ್ಸೂ ಹಗುರಾದೀತು.

ಓಟದ ಜೋಡಿ ಕೊಳ್ಳುವ ರೈತನನ್ನು ಗಮನಿಸಬೇಕು. ಅವನು ಮೊದಲು ಓಡಿಸಿ ನೋಡುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿ ಕೂಡಿದೆಯೋ? ಸುಳಿ ನೋಡುತ್ತಾನೆ. ಗೊರಸು ಎತ್ತಿ ಲಾಳ ಸವೆದ ಬಗೆ ನೋಡುತ್ತಾನೆ. ಒಂದೇ ಬದಿಗೆ ಸವೆದಿದ್ದರೆ ನಡಿಗೆಯಲ್ಲಿ ಐಬು. ಆಮೇಲೆ ಕೇಳುತ್ತಾನೆ: ಒಂಟಿಯಾಗಿ ಕಟ್ಟಿದರೆ ನಿಲ್ಲುತ್ತದೋ? ಮನೆಯ ಹೆಂಗಸರ ಕೈಯಲ್ಲಿ ನೀರು ಕುಡಿಯುತ್ತದೋ? ಸುಳಿಯನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಮಿಕ್ಕ ಪ್ರಶ್ನೆಗಳೆಲ್ಲ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಕೇಳಬೇಕಾದವೇ. ಟಯರು ಒಂದು ಬದಿಗೆ ಸವೆದಿದೆಯೇ, ಮೀಟರು ತಿರುಗಿಸಿದ್ದಾರೆಯೇ, ಬೆಳಗಿನ ಚಳಿಯಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆಯೇ, ಮನೆಯವರೆಲ್ಲ ಓಡಿಸಬಹುದೇ?

ಕೊಂಡ ಮೇಲೆ ನಿಜವಾದ ಖರ್ಚು. ಓಟದ ಎತ್ತಿಗೆ ಬರೀ ಒಣಹುಲ್ಲು ಸಾಲದು. ಹುರುಳಿ ಬೇಯಿಸಬೇಕು, ಹಿಂಡಿ ನೆನೆಸಬೇಕು, ಮೈ ತಿಕ್ಕಬೇಕು, ದಿನವೂ ನಡೆಸಬೇಕು. ಉಳುವ ಕೆಲಸಕ್ಕೆ ಅದನ್ನು ಹೂಡಿದರೆ ಓಟ ಕೆಡುತ್ತದೆಂದು ಉಳುಮೆಗೆ ಟ್ರ್ಯಾಕ್ಟರು ಕರೆಸುವವರಿದ್ದಾರೆ! ಇಷ್ಟಾದರೂ ಸ್ಪರ್ಧೆಯ ದಿನ ಜೋಡಿಯಲ್ಲಿ ಒಂದು ಮುನಿಸಿಕೊಂಡು ಅಡ್ಡ ತಿರುಗಿದರೆ ವರ್ಷದ ಶ್ರಮ ಅರೆಕ್ಷಣದಲ್ಲಿ ಹೋಯಿತು. ಹಾಗಾದರೆ ಯಾಕೆ ಸಾಕುತ್ತಾರೆ? ಹಗ್ಗ ಸಡಿಲಿಸಿದ ಕೂಡಲೇ ಎರಡು ಪ್ರಾಣಿಗಳು ಒಂದೇ ಆಗಿ ಚಿಮ್ಮುತ್ತವೆ. ಗಾಡಿಯ ಚಕ್ರ ನೆಲ ಬಿಟ್ಟಂತಾಗುತ್ತದೆ. ಬದುವಿನ ಮೇಲೆ ನಿಂತ ಊರಿಗೆ ಊರೇ ಒಂದು ದನಿಯಲ್ಲಿ ಕೂಗುತ್ತದೆ. ಅದನ್ನು ಒಮ್ಮೆ ಕಂಡ ಮೇಲೆ ಹುರುಳಿಯ ಲೆಕ್ಕ ಬರೆಯುವ ಕೈ ತುಸು ಹಗುರಾಗುವುದು ಸಹಜ.

ಬೆಂಗಳೂರಿನ ಹಗುರ ಕಾರು

ಕಾರಿನ ವಿಷಯದಲ್ಲೂ ಕರ್ನಾಟಕದ್ದೇ ಒಂದು ಉದಾಹರಣೆ ಇದೆ. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ‘ಡಾಲ್ಫಿನ್’ ಎಂಬ ಎರಡು ಬಾಗಿಲಿನ ಪುಟ್ಟ ಕಾರು ಬಿಟ್ಟಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಮಾದರಿ. ಮೈ ಫೈಬರ್ ಗ್ಲಾಸಿನದು, 848 ಸಿಸಿಯ ಅಲ್ಯುಮಿನಿಯಂ ಎಂಜಿನ್, ತೂಕ ಅಂಬಾಸಿಡರಿನ ಹೆಚ್ಚುಕಡಿಮೆ ಅರ್ಧ. ಅದು ಸ್ಪೋರ್ಟ್ಸ್ ಕಾರೆಂದು ಹುಟ್ಟಿದ್ದಲ್ಲ. ಆದರೆ ಭಾರವಿಲ್ಲದ ಮೈಯನ್ನು ಹಿಂದಿನ ಚಕ್ರಗಳು ತಳ್ಳಿದರೆ ಹುರುಪು ತಾನಾಗಿ ಬರುತ್ತದೆ. ಎಂಬತ್ತರ ದಶಕದ ರ‍್ಯಾಲಿಗಳಲ್ಲಿ, ಮದರಾಸಿನ ಷೋಲಾವರಂ ಓಟಗಳಲ್ಲಿ ಡಾಲ್ಫಿನ್ ಹೆಸರು ಮಾಡಿತು.

ರ‍್ಯಾಲಿಯವರು ಮೆಚ್ಚಿದ ಅದೇ ಗುಣ ಮನೆಯವರಿಗೆ ಹಿಡಿಸಲಿಲ್ಲ. ಬಾಗಿಲು ತಟ್ಟಿದರೆ ತಗಡಿನ ಸದ್ದಿಲ್ಲ; ಇದೇನು ಪ್ಲಾಸ್ಟಿಕ್ಕೇ ಎಂಬ ಅನುಮಾನ. ಫೈಬರಿಗೆ ತುಕ್ಕಿಲ್ಲ ನಿಜ. ಆದರೆ ಗುದ್ದಿದರೆ ನೆಗ್ಗುವುದಿಲ್ಲ, ಬಿರಿಯುತ್ತದೆ. ಸುತ್ತಿಗೆ ಹಿಡಿದು ಸರಿಮಾಡುವ ಮೂಲೆಯ ಟಿಂಕರಿಂಗ್ ಅಂಗಡಿಯವನಿಗೆ ಅಲ್ಲಿ ಕೆಲಸವಿಲ್ಲ. 1983ರ ಕೊನೆಗೆ ಮಾರುತಿ 800 ಬಂತು. ಅದರ ಬಿಡಿಭಾಗ, ಅದರ ಮೆಕ್ಯಾನಿಕ್ ಎಲ್ಲ ಊರಿನಲ್ಲೂ ಸಿಗತೊಡಗಿದ ಮೇಲೆ ಡಾಲ್ಫಿನ್ನಿನ ಕಾಲ ಮುಗಿಯಿತು. ತೊಂಬತ್ತರ ದಶಕದ ಕೊನೆಗೆ ಬೆಂಗಳೂರಿನ ಮೂಲದ್ದೇ ಆದ ಇನ್ನೊಂದು ಸಂಸ್ಥೆ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡೇ ಆಸನದ, ಮಾಡು ತೆಗೆಯಬಹುದಾದ ನಿಜವಾದ ಸ್ಪೋರ್ಟ್ಸ್ ಕಾರು ಮಾಡಿತು. ಗೋವೆಯಲ್ಲಿ ತಯಾರಾದ ಅದಕ್ಕೂ ಮೈ ಫೈಬರಿನದೇ. ನೋಡಲು ಜನ ಸೇರಿದರು, ಕೊಂಡವರು ಬೆರಳೆಣಿಕೆ. ಇಂಥ ಕಾರು ಕೈಕೊಡುವುದು ಎಂಜಿನ್ ಕೆಟ್ಟಾಗ ಮಾತ್ರವಲ್ಲ. ತಯಾರಿಸಿದವರು ಅಂಗಡಿ ಮುಚ್ಚಿದ ಮೇಲೆ ಒಂದು ಲೈಟಿನ ಗಾಜು ಒಡೆದರೂ ಕಾರು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುತ್ತದೆ.

ವೇಗ ಮತ್ತು ಭರವಸೆ ಒಟ್ಟಿಗೆ ಸಿಗುವ ಜಾಗವೂ ಹತ್ತಿರದಲ್ಲೇ ಇದೆ. ಎಮ್ಮೆದೊಡ್ಡಿಯಿಂದ ಕಾಣುವ ಬೆಟ್ಟಸಾಲಿನ ಆಚೆ, ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ರಾಷ್ಟ್ರೀಯ, ಅಂತರರಾಷ್ಟ್ರೀಯ ಕಾರ್ ರ‍್ಯಾಲಿಗಳು ನಡೆದಿವೆ. 2016ರಲ್ಲಿ ಏಷ್ಯಾ–ಪೆಸಿಫಿಕ್ ರ‍್ಯಾಲಿಯ ಸುತ್ತು ಅಲ್ಲಿ ನಡೆದಾಗ ಗೆದ್ದವರು ಗೌರವ್ ಗಿಲ್; ಆ ವರ್ಷದ ಚಾಂಪಿಯನ್ನೂ ಅವರೇ. ಅವರ ಸ್ಕೋಡಾ ಫ್ಯಾಬಿಯಾ ದೂಳೆಬ್ಬಿಸಿ ಹೋದದ್ದನ್ನು ಕಂಡವರಿಗೆ ಕಂಡದ್ದು ಓಟ. ಕಾಣದೆ ಉಳಿದದ್ದು ಸರ್ವೀಸ್ ಪಾರ್ಕು. ಕೆಲವು ಹಂತ ಓಡಿದ ಕೂಡಲೇ ಕಾರು ಅಲ್ಲಿಗೆ ಬರುತ್ತದೆ. ಗಡಿಯಾರ ನೋಡಿಕೊಂಡು ಮೆಕ್ಯಾನಿಕ್ಕುಗಳ ತಂಡ ಟಯರು, ಬ್ರೇಕು, ಸಸ್ಪೆನ್ಷನ್ ಎಲ್ಲವನ್ನೂ ಪರೀಕ್ಷಿಸಿ, ಬೇಕಾದ್ದನ್ನು ಬದಲಿಸಿ ಕಳಿಸುತ್ತದೆ. ಮೂರು ಕಾವಲುಗಳ, ಸೇರ್ವೆಗಾರರ ಹಳೆಯ ಏರ್ಪಾಡೇ ಇದು.

ಮನೆಯಲ್ಲಿ ಅಂಥ ತಂಡವಿಲ್ಲ. ಇರುವುದು ಅಪ್ಪನ ಸಂಬಳ ಅಥವಾ ತೆಂಗಿನಕಾಯಿಯ ದುಡ್ಡು. ಆದ್ದರಿಂದ ಕಾರಿನ ಬೆಲೆ ಕೇಳುವ ಮೊದಲು ಹುಡುಗರು ಇನ್ನೆರಡು ಕಾಗದ ಓದುವುದು ಒಳ್ಳೆಯದು. ಒಂದು, ವಿಮೆಯ ಪಾಲಿಸಿ. ರೇಸು, ವೇಗಪರೀಕ್ಷೆಗಳಿಗೆ ವಾಹನ ಬಳಸಿದರೆ ಪರಿಹಾರವಿಲ್ಲವೆಂದು ಅದರ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ. ಇನ್ನೊಂದು, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ. ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿಯೂ ಒಂದು ವರ್ಷ ರದ್ದು. ಓಡಿಸಿದ್ದು ಮಗ, ಕಟಕಟೆ ಹತ್ತುವುದು ಅಪ್ಪ.

ಆಸೆಯೇ ತಪ್ಪೆಂದು ಈ ಸೀಮೆಯಲ್ಲಿ ಯಾರೂ ಹೇಳುವುದಿಲ್ಲ. 1929ರಲ್ಲಿ ಅಜ್ಜಂಪುರದಲ್ಲಿ ಆರಂಭವಾದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಆ ಆಸೆಯ ಬೇರನ್ನೇ ಕಾಯ್ದುಕೊಂಡು ಬಂದಿದೆ. ಕಾವಲುಗಳ ಬಹುಭಾಗ ಬೇರೆ ಬೇರೆ ಕೆಲಸಕ್ಕೆ ಹೋಯಿತು. ಚಳ್ಳಕೆರೆಯ ಕಡೆ ಅಮೃತಮಹಲ್ ಕಾವಲಿನ ನೆಲದಲ್ಲಿ ಈಗ ಚಾಲಕನಿಲ್ಲದ ವಿಮಾನಗಳ ಪರೀಕ್ಷಾ ಕೇಂದ್ರವಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು ಮಾತ್ರ 2011ರಲ್ಲಿ ಸಂರಕ್ಷಿತ ಮೀಸಲಾಗಿ, ಹುಲ್ಲಿನಲ್ಲಿ ಕೃಷ್ಣಮೃಗಗಳು ನೆಗೆಯಲು ಜಾಗ ಉಳಿದಿದೆ.

ಅಜ್ಜಂಪುರದ ಕೇಂದ್ರದ ಹೋರಿಕರುಗಳ ಹರಾಜಿಗೆ ದಾವಣಗೆರೆ, ಹಾವೇರಿ ಕಡೆಯಿಂದಲೂ ರೈತರು ಬರುತ್ತಾರೆ, ಮಕ್ಕಳನ್ನೂ ಕರೆತರುತ್ತಾರೆ. ಮಕ್ಕಳ ಕಣ್ಣು ಕೋಡಿನ ಮೇಲೆ, ಅಪ್ಪಂದಿರ ಕಣ್ಣು ಗೊರಸಿನ ಮೇಲೆ. ಮೂಗುದಾರ ಕಾಣದ, ನೊಗ ಕಾಣದ ಹೋರಿ ಹಗ್ಗ ಜಗ್ಗಿಕೊಂಡು ಕುಣಿಯುತ್ತಿರುತ್ತದೆ. ಕೂಗು ಏರಿ, ನಿಂತು, ದುಡ್ಡು ಕಟ್ಟಿದ ಮೇಲೆ ನಾಲ್ಕಾರು ಆಳು ಸೇರಿ ಅದನ್ನು ಲಾರಿಗೆ ಹತ್ತಿಸಬೇಕು. ಊರು ಮುಟ್ಟಿದ ಮೇಲೆ ಅದನ್ನು ಪಳಗಿದ ಹಳೆಯ ಎತ್ತಿನ ಜೊತೆ ನೊಗಕ್ಕೆ ಕಟ್ಟುತ್ತಾರೆ. ಹೊಸದು ಎಗರುತ್ತದೆ, ಹಳೆಯದು ತನ್ನ ಪಾಡಿಗೆ ನಡೆಯುತ್ತಲೇ ಇರುತ್ತದೆ. ಎರಡರ ಹೆಜ್ಜೆ ಕೂಡಲು ತಿಂಗಳುಗಳು ಬೇಕು.