ಕಾಣದ ಬಿರುಕು

ಹೆಲಿಕಾಪ್ಟರ್ ಅಂದರೆ ನಮ್ಮ ಮಸಗುಪ್ಪಿಯಂಥ ಊರುಗಳಿಗೆ 2019ರ ಆಗಸ್ಟ್ ನೆನಪಾಗುತ್ತದೆ. ಘಟಪ್ರಭೆ ದಂಡೆ ಮೀರಿ ಕಬ್ಬಿನ ಹೊಲಗಳಿಗೆ ನುಗ್ಗಿದ ದಿನಗಳವು. ಆಗ ಮೇಲೆ ರೆಕ್ಕೆಯ ಸದ್ದು ಕೇಳಿದರೆ, ಎಲ್ಲೋ ಯಾರೋ ಬದುಕಿಕೊಂಡರು ಎಂಬ ಸಮಾಧಾನ. ಬದುಕಿಸಲು ಬರುವ ಆ ಯಂತ್ರವನ್ನು ಕಾಯುವವರು ಯಾರು ಎಂದು ಯಾರೂ ಕೇಳಿರಲಿಲ್ಲ.

ನನಗೆ ಆ ಪ್ರಶ್ನೆ ಬಂದದ್ದು 2025ರಲ್ಲಿ. ಜನವರಿ 5ರಂದು ಗುಜರಾತಿನ ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಹೆಲಿಕಾಪ್ಟರ್ ಬಿದ್ದು ಮೂವರು ತೀರಿಕೊಂಡರು. ಧ್ರುವ್ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡು 1992ರಲ್ಲಿ ಮೊದಲು ಹಾರಿದ್ದು. ಅಪಘಾತದ ನಂತರ ಸುಮಾರು 330 ಧ್ರುವ್‌ಗಳ ಹಾರಾಟ ನಿಂತಿತು. ತನಿಖೆಯಲ್ಲಿ ಮುರಿದು ಕಂಡದ್ದು ಸ್ವಾಶ್‌ಪ್ಲೇಟ್.

ಪೈಲಟ್ ಕೈಯಲ್ಲಿರುವ ಹಿಡಿಕೆ ರೆಕ್ಕೆಯಂತೆ ತಿರುಗದ ಭಾಗ. ತಲೆಯ ಮೇಲಿನ ನಾಲ್ಕು ರೆಕ್ಕೆ ಸದಾ ತಿರುಗುವಂಥವು. ಇವೆರಡರ ನಡುವಿನ ದುಭಾಷಿ ಈ ಸ್ವಾಶ್‌ಪ್ಲೇಟ್. ಅದರ ಕೆಳಗಿನ ತಟ್ಟೆ ತಿರುಗುವುದಿಲ್ಲ, ಮೇಲಿನದು ತಿರುಗುತ್ತದೆ. ಹಿಡಿಕೆ ವಾಲಿದಂತೆ ತಟ್ಟೆಗಳು ವಾಲಿ, ಸಣ್ಣ ಸರಳುಗಳ ಮೂಲಕ ರೆಕ್ಕೆಗಳ ಕೋನ ಬದಲಿಸುತ್ತವೆ. ಅದು ಮುರಿದರೆ ಎಂಜಿನ್ ಎಷ್ಟು ಗಟ್ಟಿಯಿದ್ದರೂ ಪೈಲಟ್ ಮಾತು ರೆಕ್ಕೆಗೆ ತಲುಪುವುದಿಲ್ಲ.

ಆದ್ದರಿಂದಲೇ ಇಂಥ ಭಾಗಗಳಿಗೆ ಕಡ್ಡಾಯ ತಪಾಸಣೆ. ಲೋಹದ ಮೇಲೆ ಬಣ್ಣದ ದ್ರವ ಸವರಿ, ಒರೆಸಿ, ಬಿಳಿ ಪುಡಿ ಹಾಕುತ್ತಾರೆ. ಬಿರುಕಿನಲ್ಲಿ ಉಳಿದ ಬಣ್ಣ ಕೂದಲೆಳೆಯಂತೆ ಮೇಲೇಳುತ್ತದೆ. ಬೇಲಿಯ ತಂತಿಯನ್ನು ಹತ್ತು ಸಲ ಮಡಚಿದರೆ ತುಂಡಾಗುತ್ತದಲ್ಲ, ಲೋಹ ದಣಿಯುವುದೂ ಹಾಗೆಯೇ, ಸದ್ದಿಲ್ಲದೆ.

ಕಬ್ಬಿನ ಹೇರು ಹೊರಡುವ ಮೊದಲು ನಮ್ಮಪ್ಪ ಟ್ರೇಲರ್‌ನ ಕೊಂಡಿಗೆ ಸುತ್ತಿಗೆಯಿಂದ ಬಡಿದು ಕಿವಿಗೊಡುತ್ತಿದ್ದ. “ಹ್ವಾದ ಸಲ ಚಲೋ ಇತ್ತಲ್ಲಪಾ” ಅಂದರೆ, “ಹ್ವಾದ ಸಲದ್ದು ಹ್ವಾದ ಸಲಕ್ಕ ಮುಗೀತು” ಅನ್ನುತ್ತಿದ್ದ.

ಆ ಮಾತಿನ ತೂಕ ಧ್ರುವ್ ಕತೆಯಲ್ಲಿ ಗೊತ್ತಾಗುತ್ತದೆ. 2023ರಲ್ಲಿ ಸಾಲು ಅಪಘಾತಗಳಾದಾಗ ನಿಯಂತ್ರಣದ ಸರಳುಗಳ ಮೇಲೆ ಕಣ್ಣು ಬಿತ್ತು. ಅಲ್ಯೂಮಿನಿಯಂ ಸರಳು ಹೋಗಿ ಉಕ್ಕಿನವು ಬಂದವು. ಎರಡು ವರ್ಷಕ್ಕೆ ಮುರಿದದ್ದು ಬೇರೆ ಭಾಗ. ತಪಾಸಣೆಯ ಪಟ್ಟಿಯ ಎಷ್ಟೋ ಸಾಲುಗಳು ಯಾವುದೋ ಹಳೆಯ ಸಾವಿನಿಂದ ಕಲಿತವು. ಮುಂದಿನ ಬಿರುಕು ಆ ಪಟ್ಟಿಯಲ್ಲಿ ಇರಲೇಬೇಕೆಂದಿಲ್ಲ. ಹಾಗೆಂದು ಪಟ್ಟಿ ವ್ಯರ್ಥವಲ್ಲ. ಅದನ್ನು ಮುಗಿಸಿದ ಮೇಲೂ ಅನುಮಾನ ಉಳಿಸಿಕೊಳ್ಳುವವರು ಬೇಕು, ಅಷ್ಟೇ.

ತಿಂಗಳುಗಟ್ಟಲೆ ಯಂತ್ರಗಳು ನಿಂತಾಗ ನಷ್ಟದ ಲೆಕ್ಕ ಹಾಕುವವರು ಬಹಳ. ತಂತ್ರಜ್ಞನೊಬ್ಬ ಭೂತಗನ್ನಡಿ ಹಿಡಿದು ಬಗ್ಗಿ ನೋಡಿ, ಏನೂ ಸಿಗದೆ, ಪುಸ್ತಕದಲ್ಲಿ ಸಹಿ ಹಾಕಿ ಮನೆಗೆ ಹೋಗುವುದು ಸುದ್ದಿಯಾಗುವುದಿಲ್ಲ. ಮರುದಿನ ಪೈಲಟ್ ಕೂರುವುದು ಆ ಸಹಿಯನ್ನು ನಂಬಿಯೇ.