ಅಟ್ಟದ ಮೇಲಿನ ನಾವಡರು

ತಾಳಗುಪ್ಪದ ಕಡೆಯ ಮನೆಗಳ ಅಟ್ಟ ಹುಡುಕಿದರೆ ಇಂದಿಗೂ ಕಾಳಿಂಗ ನಾವಡರ ಯಕ್ಷಗಾನದ ಕ್ಯಾಸೆಟ್ಟೊಂದು ಸಿಕ್ಕೀತು.

1958ರಲ್ಲಿ ಗುಂಡ್ಮಿಯಲ್ಲಿ ಹುಟ್ಟಿದ ಈ ಭಾಗವತರು ನಾರಣಪ್ಪ ಉಪ್ಪೂರರಲ್ಲಿ ಕಲಿತರು, ಸಾಲಿಗ್ರಾಮ ಮೇಳದಲ್ಲಿ ಹಾಡಿದರು, ‘ನಾಗಶ್ರೀ’ ಪ್ರಸಂಗ ಬರೆದರು. ಬಡಗುತಿಟ್ಟಿನ ಪದಗಳಿಗೆ ಹೊಸ ರಾಗಗಳನ್ನು ತಂದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತೆರಡರ ಆಸುಪಾಸು.

ಉಳಿದದ್ದು ಕಬ್ಬಿಣದ ಆಕ್ಸೈಡ್ ಬಳಿದ ತೆಳು ಪ್ಲಾಸ್ಟಿಕ್ ಪಟ್ಟಿ. ಸ್ವರದ ಏರಿಳಿತಕ್ಕೆ ತಕ್ಕಂತೆ ಅದರ ಕಣಗಳು ಕಾಂತಗಳಾಗಿ ನಿಂತಿವೆ. ಅದನ್ನೇ ಮತ್ತೆ ಮತ್ತೆ ಕೇಳಿ ಪದ ಕಲಿತ ಹುಡುಗರೆಷ್ಟೋ! ಆದರೆ ಮಲೆನಾಡಿನ ಮಳೆಗಾಲದ ತೇವಕ್ಕೆ ಆ ಪಟ್ಟಿಗೂ ಬೂಷ್ಟು ಹಿಡಿಯುತ್ತದೆ.

ಅಜ್ಜನ ಕ್ಯಾಸೆಟ್ಟನ್ನು ಗುಜರಿಗೆ ಹಾಕುವ ಮುನ್ನ ಮಕ್ಕಳು ಅದನ್ನು ಕಂಪ್ಯೂಟರಿಗೆ ಇಳಿಸಲಿ. ಹೆತ್ತವರು ಜೊತೆಗೆ ಕೂತು ಕೇಳಲಿ. ಒಮ್ಮೆ ಕಳೆದುಕೊಂಡ ಭಾಗವತರನ್ನು ಎರಡನೆಯ ಸಲ ಕಳೆದುಕೊಳ್ಳುವುದು ಬೇಡ.