ಒದೆತ ಮತ್ತು ಸದ್ದು

ಮಲೆನಾಡಿನಲ್ಲಿ ಕೋವಿ ಹಿಡಿಯುವವನಿಗೆ ಹಿರಿಯರು ಹೇಳಿಕೊಡುವ ಮೊದಲ ಪಾಠ ಒದೆತದ್ದು. ಮರದ ಹಿಡಿಯನ್ನು ಭುಜಕ್ಕೆ ಬಿಗಿಯಾಗಿ ಒತ್ತಿಕೊಳ್ಳದಿದ್ದರೆ ಈಡು ಹಾರಿದ ಕ್ಷಣವೇ ಕೋವಿ ಹೊಡೆದವನನ್ನು ಒದೆಯುತ್ತದೆ. ಕೆನೆತ್ ಆಂಡರ್ಸನ್‌ನ ಬೇಟೆಯ ಕಥನಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ಅವನ .405 ವಿಂಚೆಸ್ಟರ್ ರೈಫಲ್ ಪರಿಚಿತ. ಅದರ ಒದೆತ ಕುಖ್ಯಾತವಾದುದು.

ಕೊಪ್ಪದ ನಮ್ಮ ಮನೆಯ ಒಂಟಿನಳಿಗೆಯ ತೋಟೆ ಕೋವಿಗೆ ಅಂಥ ಹೆಸರೇನೂ ಇಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದದ್ದು. ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯ ಮಾತು ನಮ್ಮಲ್ಲಿ ನೆನಪಿಗಷ್ಟೇ ಉಳಿದಿದೆ. ತಂದೆಯವರು ಅದನ್ನು ಬಳಸಿದ್ದು ಅಡಿಕೆ ತೋಟಕ್ಕೆ ನುಗ್ಗುವ ಮಂಗಗಳನ್ನು ಬೆದರಿಸಲು, ಆಕಾಶಕ್ಕೆ.

ಟೆಕ್ಸಾಸ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗನ ಸಂಗತಿ ಬೇರೆ. ಅಲ್ಲಿ ಜಿಂಕೆ ಬೇಟೆಗೆ ಋತುವಿದೆ, ಪರವಾನಗಿಯಿದೆ. ಕಳೆದ ವರ್ಷ ಹೊಸ ರೈಫಲ್‌ನ ಚಿತ್ರ ಕಳುಹಿಸಿ, ‘ಅಣ್ಣ, ಇದು ಒದೆಯುವುದೇ ಇಲ್ಲ’ ಎಂದು ಬರೆದಿದ್ದ. ನಳಿಗೆಯ ತುದಿಯಲ್ಲಿ ಹೆಬ್ಬೆರಳ ಗಾತ್ರದ, ಪಕ್ಕಗಳಲ್ಲಿ ಕಿಂಡಿಗಳಿರುವ ಒಂದು ಉಕ್ಕಿನ ಕೊಳವೆ. ಅದೇ ಮಝಲ್ ಬ್ರೇಕ್. ತಿರುಪಿ ಕೂರಿಸಬಹುದು, ಬೇಡವಾದರೆ ತಿರುಪಿ ತೆಗೆಯಬಹುದು. ಗುಂಡಿನ ಬೆನ್ನಟ್ಟಿ ಬರುವ ಅನಿಲವನ್ನು ಕಿಂಡಿಗಳು ಪಕ್ಕಕ್ಕೂ ತುಸು ಹಿಂದಕ್ಕೂ ತಿರುಗಿಸುತ್ತವೆ. ಆ ತಿರುವಿನ ಬಲ ಕೋವಿಯನ್ನು ಮುಂದಕ್ಕೆಳೆಯುತ್ತದೆ. ಬಲವಾದ ರೈಫಲ್‌ಗಳಲ್ಲಿ ಒದೆತ ಅರ್ಧದಷ್ಟು ತಗ್ಗುವುದೂ ಉಂಟು.

ಪುಣೆಯವರಾದ ನಮಗೆ ಈ ಸಾಧನದ ದೊಡ್ಡ ರೂಪ ಹೊಸದಲ್ಲ. ಇಲ್ಲಿನ ಪಾಷಾಣದ ಎಆರ್‌ಡಿಇ ರೂಪಿಸಿದ 155 ಮಿ.ಮೀ. ಫಿರಂಗಿ ಅಟ್ಯಾಗ್ಸ್ 2022ರ ಸ್ವಾತಂತ್ರ್ಯ ದಿನದಂದು ಕೆಂಪುಕೋಟೆಯಲ್ಲಿ ಗೌರವ ಸಲ್ಲಿಸಿತಲ್ಲ, ಅದರ ಬಾಯ ತುದಿಯ ದಪ್ಪ ಗಂಟು ಇದೇ. ಅದೇ ಊರಿನ ಬಾಲೇವಾಡಿಯ ಶೂಟಿಂಗ್ ರೇಂಜಿನಲ್ಲಿ ಅಭ್ಯಾಸ ಮಾಡಿದ ರೈಲ್ವೆ ನೌಕರ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಸ್ಪರ್ಧೆಯಲ್ಲಿ ಮಾತ್ರ ಇದಕ್ಕೆ ಪ್ರವೇಶವಿಲ್ಲ. ಅಂತರರಾಷ್ಟ್ರೀಯ ನಿಯಮ ರೈಫಲ್‌ಗಳಿಗೆ ಮಝಲ್ ಬ್ರೇಕನ್ನು ನಿಷೇಧಿಸಿದೆ.

ಇಂಗ್ಲಿಷಿನಲ್ಲಿ ಕೋವಿಯ ತುದಿಗೆ ಮೃಗದ ಮೂತಿಯ ಹೆಸರು. ಕನ್ನಡದಲ್ಲಿ ನಾವು ಬಾಯಿ ಎನ್ನುತ್ತೇವೆ. ಬಾಯಿಗೆ ಕಡಿವಾಣ ಹಾಕಿದಷ್ಟೂ ಸದ್ದು ಹೆಚ್ಚುವುದು ಬಹುಶಃ ಇದೊಂದರಲ್ಲೇ. ಸಿಡಿತದ ಸದ್ದು 140 ಡೆಸಿಬೆಲ್ ದಾಟಿದರೆ ಒಂದೇ ಈಡು ಕಿವಿಗೆ ಅಪಾಯ ತರಬಹುದು. ಬೇಟೆಯ ರೈಫಲ್ ಬರಿದಾಗಿಯೇ 160ರ ಆಸುಪಾಸಿನಲ್ಲಿರುತ್ತದೆ. ಬ್ರೇಕ್ ಆ ಸದ್ದನ್ನು ಮುಂದಕ್ಕೆ ಹೋಗಗೊಡದೆ ಹೊಡೆಯುವವನ ಕಡೆಗೆ, ಅದಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ನಿಂತವನ ಕಡೆಗೆ ತಿರುಗಿಸುತ್ತದೆ. ಭುಜದ ಸಾಲವನ್ನು ನೆರೆಯವನ ಕಿವಿ ತೀರಿಸಬೇಕು. ಬೇಟೆಯ ಮಾರ್ಗದರ್ಶಕರಲ್ಲಿ ಹಲವರು ಇದನ್ನು ಕಂಡರೆ ಮುಖ ಸಿಂಡರಿಸುವುದು ಸಹಜವೇ.

ಇದನ್ನು ಪುಸ್ತಕದಿಂದಷ್ಟೇ ಹೇಳುತ್ತಿಲ್ಲ. ಬಲಗೈಯಲ್ಲಿ ಹೊಡೆಯುವವನ ಎಡಗಿವಿ ನಳಿಗೆಯ ಬಾಯಿಗೆ ಹತ್ತಿರ. ಬಲಗಿವಿಗೆ ತಲೆಯ ಮರೆ ಸಿಗುತ್ತದೆ. ಮೂವತ್ತು ವರ್ಷ ಮಂಗಗಳನ್ನು ಬೆದರಿಸಿದ ತಂದೆಯವರ ಎಡಗಿವಿ ಈಗ ಹೆಸರಿಗಷ್ಟೇ ಇದೆ. ಒಳಗಿವಿಯ ಸೂಕ್ಷ್ಮ ಕೂದಲಿನ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಭಾನುವಾರ ಪುಣೆಯಿಂದ ಫೋನ್ ಮಾಡಿದಾಗ ಅವರು ಮರೆತು ಎಡಗಿವಿಗೆ ಹಿಡಿದರೆ, ‘ಯಾರು ಮಾತಾಡೋದು?’ ಎಂದು ಐದಾರು ಸಲ ಕೇಳುತ್ತಾರೆ. ಅದೂ ಬ್ರೇಕ್ ಇಲ್ಲದ ಕೋವಿ ಮಾಡಿದ ಕೆಲಸ.

ಆದ್ದರಿಂದ ತಮ್ಮ ಕಳುಹಿಸಿದ ಎರಡನೆಯ ಚಿತ್ರ ನನ್ನನ್ನು ಕಾಡಿತು. ರೇಂಜಿನಲ್ಲಿ ಅವನ ಕಿವಿಗಳಿಗೆ ದಪ್ಪ ಕವಚ. ಒಂದು ಹೆಜ್ಜೆ ಎಡಕ್ಕೆ ಹತ್ತು ವರ್ಷದ ಮಗಳು, ಬರಿಗಿವಿಯಲ್ಲಿ. ಅಂದೇ ಬರೆದೆ: ಅಭ್ಯಾಸದಲ್ಲಿ ಅವಳಿಗೂ ಕವಚ ಹಾಕು, ಕಾಡಿನಲ್ಲಿ ಪಕ್ಕಕ್ಕೆ ಯಾರಾದರೂ ಇದ್ದರೆ ಬ್ರೇಕನ್ನು ತಿರುಪಿ ತೆಗೆದಿಡು. ಕವಚ ಹಾಕಿದರೆ ಜಿಂಕೆಯ ಹೆಜ್ಜೆ ಕೇಳಿಸದು ಎಂದ. ಸಣ್ಣ ಸದ್ದನ್ನು ಒಳಬಿಟ್ಟು ಸಿಡಿತವನ್ನು ತಡೆಯುವ ಎಲೆಕ್ಟ್ರಾನಿಕ್ ಕವಚಗಳಿವೆ. ಬ್ರೇಕ್ ತೆಗೆದ ಮಾತ್ರಕ್ಕೆ ಕಿವಿ ಕ್ಷೇಮವಾಗುವುದಿಲ್ಲ, ಹಾನಿ ತುಸು ತಗ್ಗುತ್ತದೆ ಅಷ್ಟೆ, ಅದನ್ನೂ ಬರೆದೆ. ಮತ್ತೊಂದು ತೊಡಕಿದೆ: ತುದಿಯ ತೂಕ ಬದಲಾದರೆ ನಳಿಗೆಯ ಕಂಪನ ಬದಲಾಗಿ ಗುಂಡು ಬೀಳುವ ಜಾಗವೂ ಸರಿಯಬಹುದು. ಬ್ರೇಕ್ ಹಾಕಿ ಕೂಡಿಸಿದ ಗುರಿಯನ್ನು ನಂಬಿ, ತೆಗೆದು ಹೊಡೆದರೆ ಮೃಗ ಗಾಯಗೊಂಡು ಓಡೀತು.

ಎರಡು ವಾರದ ಮೇಲೆ ಉತ್ತರ ಬಂತು. ಬ್ರೇಕ್ ಪೆಟ್ಟಿಗೆ ಸೇರಿದೆ, ತಿರುಪಿನ ಗೆರೆಗಳಿಗೆ ಮುಚ್ಚಳ ಬಿದ್ದಿದೆ, ಮಗಳಿಗೆ ಕವಚ ಬಂದಿದೆ. ಗುರಿ ಎರಡು ಅಂಗುಲ ಸರಿದಿತ್ತಂತೆ. ಸರಿಪಡಿಸಲು ಹನ್ನೆರಡು ತೋಟೆ ಖರ್ಚಾದವು. ಜೊತೆಗೆ, ನೀಲಿಗಟ್ಟಿದ ತನ್ನ ಭುಜದ ಚಿತ್ರವನ್ನೂ ಕಳುಹಿಸಿದ್ದಾನೆ.